ಡಿಗ್ರಿಯಲ್ಲಿ ಕೌನ್ಸೆಲಿಂಗ್ ಮೈನರ್ ತಗೋಬಹುದಾ?

ಸಂಜೆಮಲ್ಲಿಗೆ:
ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಬಿಎ ಮೊದಲ ವರ್ಷ ಓದುತ್ತಿದ್ದೇನೆ. ಮೇಜರ್ ಅರ್ಥಶಾಸ್ತ್ರ. ಮೈನರ್, ಅಂದರೆ ಅದರ ಜೊತೆಗೆ ಓದುವ ಚಿಕ್ಕ ವಿಷಯ, ಯಾವುದು ಅಂತ ಶನಿವಾರದೊಳಗೆ ಹೇಳಬೇಕು. ನನಗೆ ಕೌನ್ಸೆಲಿಂಗ್ ಇಷ್ಟ. ಅಪ್ಪ "ಅದನ್ನ ಓದಿದ್ರೆ ಕೆಲಸ ಸಿಗುತ್ತಾ?" ಅಂತ ಕೇಳುತ್ತಿದ್ದಾರೆ. ಹಾಸ್ಟೆಲಿನಲ್ಲಿ ಗೆಳತಿಯರು ರಾತ್ರಿ ಬಂದು ಕಷ್ಟ ಹೇಳಿಕೊಳ್ಳುತ್ತಾರೆ. ಏನು ಹೇಳಬೇಕೋ ತಿಳಿಯುವುದಿಲ್ಲ. ಓದಿದವರು ಯಾರಾದರೂ ಇದ್ದೀರಾ?

ಎಂಎಸ್ಸಿ ಓದುತ್ತಿರುವವ:
ಮೈನರ್ ಓದಿದ ಮಾತ್ರಕ್ಕೆ ಕೌನ್ಸೆಲರ್ ಆಗುವುದಿಲ್ಲ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಚೌಕಟ್ಟಿನಲ್ಲಿ ಮೂರು ವರ್ಷದ ಡಿಗ್ರಿಯ 120 ಕ್ರೆಡಿಟ್‌ನಲ್ಲಿ ಮೈನರ್‌ಗೆ 24 ಅಷ್ಟೇ. ಮುಂದೆ ಎಂಎ ಅಥವಾ ಎಂಎಸ್ಸಿ ಮಾಡಲೇಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕಂದ್ರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ಒಪ್ಪಿದ ಕೋರ್ಸ್ ಮುಗಿಸಿ ಅಲ್ಲಿ ನೋಂದಣಿ ಆಗಬೇಕು. ಕೆಲವು ಕಡೆ ಎಂಎಸ್ಸಿ ಸೀಟಿಗೆ ಡಿಗ್ರಿಯಲ್ಲಿ ಸೈಕಾಲಜಿ ಓದಿರಬೇಕು ಅಂತಾರೆ. ಈ ಮೈನರ್ ಅಲ್ಲಿ ಲೆಕ್ಕಕ್ಕೆ ಬರುತ್ತಾ, ಈಗಲೇ ವಿಚಾರಿಸಿ.

ಹಾಸನದ ಟೀಚರ್:
ತಗೊಳ್ಳಮ್ಮ. ನಾನು ಇಂಗ್ಲಿಷ್ ಮೇಜರ್, ಕೌನ್ಸೆಲಿಂಗ್ ಮೈನರ್ ಮಾಡಿದವಳು. ಈಗ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ.

ನಮಗೆ ಮೂರು ಮೂರು ಜನರನ್ನು ಕೂರಿಸಿ ಅಭ್ಯಾಸ ಮಾಡಿಸುತ್ತಿದ್ದರು. ಒಬ್ಬಳು ಕಷ್ಟ ಹೇಳುವವಳು, ಒಬ್ಬಳು ಕೇಳುವವಳು, ಇನ್ನೊಬ್ಬಳು ಪಕ್ಕದಲ್ಲಿ ಬರೆದುಕೊಳ್ಳುವವಳು. ಗೆಳತಿ ತನ್ನ ಅಜ್ಜಿ ತೀರಿಕೊಂಡ ವಿಷಯ ಶುರು ಮಾಡಿದಳು. ಅವಳು ಎರಡು ಮಾತು ಆಡುವಷ್ಟರಲ್ಲಿ ನಾನು "ತಲೆ ಕೆಡಿಸ್ಕೋಬೇಡ, ಎಲ್ಲಾ ಸರಿ ಹೋಗುತ್ತೆ" ಅಂದುಬಿಟ್ಟೆ. ಅವಳು ತಲೆಯಾಡಿಸಿ ಸುಮ್ಮನಾದಳು. ಮೇಡಂ ನನಗೆ ಕೇಳಿದ್ದು ಒಂದೇ: "ಅವಳ ಅಜ್ಜಿ ಹೆಸರೇನು?" ನನಗೆ ಗೊತ್ತಿರಲಿಲ್ಲ. ಕೇಳುವುದು ಅಂದರೇನು ಅಂತ ನನಗೆ ಗೊತ್ತಾಗಿದ್ದು ಅವತ್ತು.

ಇನ್ನೊಂದು ಮಾತು. ಪುಸ್ತಕಗಳೆಲ್ಲ ಇಂಗ್ಲಿಷ್. ನಮ್ಮ ಮಕ್ಕಳು ಹೇಳುವುದು "ಬೇಜಾರು ಮಿಸ್" ಅಂತ. ಅಮ್ಮ ಬೈದರೂ ಬೇಜಾರು, ಸ್ನೇಹಿತೆ ಮಾತು ಬಿಟ್ಟರೂ ಬೇಜಾರು, ನಾಚಿಕೆ ಆದರೂ ಬೇಜಾರು. "ಎಂಥಾ ಬೇಜಾರು? ಸಿಟ್ಟು ಬರುವಂಥದ್ದಾ, ಅಳು ಬರುವಂಥದ್ದಾ?" ಅಂತ ಮೆತ್ತಗೆ ಕೇಳಿದರೆ ಮಗು ಬಾಯಿ ಬಿಡುತ್ತದೆ. ಇದು ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಕನ್ನಡದಲ್ಲೇ ಅಭ್ಯಾಸ ಮಾಡಿ.

"ಯಾರಿಗೂ ಹೇಳಬೇಡಿ" ಅಂದಾಗ ಕಣ್ಣು ಮುಚ್ಚಿ ಮಾತು ಕೊಡಬಾರದು ಅಂತಲೂ ಅಲ್ಲೇ ಕಲಿತೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು. 2012ರ ಪೋಕ್ಸೋ ಕಾಯ್ದೆ ಹಾಗೆ ಹೇಳುತ್ತದೆ. ಅದನ್ನು ಮಗುವಿಗೆ ಮೊದಲೇ ಹೇಳಿ ಮಾತು ಶುರು ಮಾಡುತ್ತೇನೆ.

ಸಂಜೆಮಲ್ಲಿಗೆ:
ತುಂಬಾ ಥ್ಯಾಂಕ್ಸ್ ಮೇಡಂ. ಒಂದು ಭಯ. ಗೆಳತಿ ಅತ್ತರೆ ನನಗೂ ಅಳು ಬರುತ್ತೆ. ಅಂಥವಳು ಇದನ್ನ ಓದಬಹುದಾ? ಒಬ್ಬಳಂತೂ "ಬದುಕೋದೇ ಬೇಡ ಅನ್ಸುತ್ತೆ" ಅಂತಾಳೆ.

ಹಾಸನದ ಟೀಚರ್:
ಅಳು ಬಂದರೆ ಏನೂ ತಪ್ಪಿಲ್ಲ, ಓದಿ. ಆದರೆ ಆ ಗೆಳತಿಯ ವಿಷಯ ಶನಿವಾರದ ತನಕ ಬಿಡಬೇಡಿ. ಇವತ್ತೇ ಅವಳ ಪಕ್ಕ ಕೂತು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ವಾರ್ಡನ್‌ಗೂ ತಿಳಿಸಿ. ರಾತ್ರಿ ಅವಳನ್ನ ಒಬ್ಬಳನ್ನೇ ಬಿಡಬೇಡಿ. ಮಾತಾಡಿದ ಮೇಲೆ ಇಲ್ಲಿ ಒಂದು ಸಾಲು ಬರೀರಿ, ಕಾಯುತ್ತಿರುತ್ತೇನೆ.