ಬಾಳೆನಾರಿನ ಕಾಗದಕ್ಕೆ ಸ್ಟಾರ್ಚ್ ಹಿಡಿಯುತ್ತಿಲ್ಲ, ಏನು ಮಾಡಬೇಕು?

ಸೋಮವಾರಪೇಟೆ ಹತ್ತಿರ ನಮ್ಮದು ಕೈಕಾಗದದ ಸಣ್ಣ ಘಟಕ. ಬಾಳೆನಾರು, ಹತ್ತಿ ಚಿಂದಿ ಸೇರಿಸಿ ಮಾಡುತ್ತೇವೆ. ಒಣ ನಾರಿನ ಲೆಕ್ಕದಲ್ಲಿ ಶೇ. 1 ಕ್ಯಾಟಯಾನಿಕ್ (ಧನಾವೇಶದ) ಸ್ಟಾರ್ಚ್ ಹಾಕಿದರೂ ಜರಡಿಯಿಂದ ಇಳಿಯುವ ನೀರು ಬೆಳ್ಳಗೇ ಇದೆ. ಶೇ. 2 ಮಾಡಿದರೆ ನೊರೆ ಬಂತು, ಬಿಗಿ ಬರಲಿಲ್ಲ. ಹಾಳೆ ಒದ್ದೆಯಾದರೂ ಹರಿಯದ ಹಾಗೆ ಏನು ಸೇರಿಸಬಹುದು? ತಿಳಿದವರು ಹೇಳಿ.

ಕುಶಾಲನಗರದಿಂದ:
ಅಕ್ಕಾ, ಪ್ರಮಾಣ ಏರಿಸಬೇಡಿ, ಮೊದಲು ನಾರು ತೊಳೆಯುವುದನ್ನು ಸರಿಮಾಡಿ. ನಾರಿನ ಕಾರ್ಬಾಕ್ಸಿಲ್ ಗುಂಪುಗಳಿಗೆ ನೀರಿನಲ್ಲಿ ಋಣಾವೇಶ ಇರುತ್ತದೆ, ಧನಾವೇಶದ ಸ್ಟಾರ್ಚ್ ಅಂಟುವುದು ಅದಕ್ಕೇ. ಆದರೆ ಬಾಳೆನಾರನ್ನು ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದಾಗ ಕರಗಿದ ಪೆಕ್ಟಿನ್, ಲಿಗ್ನಿನ್ (ಗಿಡದಲ್ಲಿ ನಾರನ್ನು ಹಿಡಿದಿಡುವ ಅಂಟು ಪದಾರ್ಥಗಳು) ಕೂಡ ಋಣಾವೇಶದವೇ. ಅವು ನೀರಿನಲ್ಲಿ ಉಳಿದರೆ ನಾರಿಗಿಂತ ಮೊದಲೇ ಸ್ಟಾರ್ಚನ್ನು ಕಬಳಿಸುತ್ತವೆ. ಹಿಂಡಿದ ನೀರಿಗೆ ಬಣ್ಣ ಇರಬಾರದು, ಬೆರಳಿಗೆ ಜಾರಬಾರದು, ಪಿಎಚ್ 7ರ ಆಸುಪಾಸು ಇರಬೇಕು.

ನೀರು ಯಾಕೆ ಬೆಳ್ಳಗಿದೆ ಎಂದು ನೋಡಲು ಅಯೋಡಿನ್ ಸಾಕು. ಇಳಿದ ನೀರನ್ನು ಗಾಜಿನ ಲೋಟಕ್ಕೆ ಹಿಡಿದು, ತಣಿದ ಮೇಲೆ ಎರಡು ಹನಿ ಬಿಡಿ. ಇಡೀ ನೀರು ನೀಲಿಯಾದರೆ ಬೆಂದ ಸ್ಟಾರ್ಚ್ ನಾರಿಗೆ ಹಿಡಿಯದೆ ಹೋಗುತ್ತಿದೆ. ನೀಲಿ ಚುಕ್ಕೆಗಳು ತಳಕ್ಕೆ ಇಳಿದರೆ ಸ್ಟಾರ್ಚ್ ಬೆಂದೇ ಇಲ್ಲ. ನೀಲಿಯೇ ಬರದಿದ್ದರೆ ಅದು ಸಣ್ಣ ನಾರಿನ ಪುಡಿ ಅಥವಾ ಸೀಮೆಸುಣ್ಣ. ಬ್ಲೀಚಿಂಗ್ ಆದಮೇಲೆ ಉಳಿದ ಕ್ಲೋರಿನ್ ತೆಗೆಯಲು ಹೈಪೋ (ಸೋಡಿಯಂ ಥಯೋಸಲ್ಫೇಟ್) ಬಳಸಿದ್ದರೆ ಮಾತ್ರ ಈ ಪರೀಕ್ಷೆ ನಂಬಬೇಡಿ; ಹೈಪೋ ಅಯೋಡಿನ್ನಿನ ಬಣ್ಣವನ್ನೇ ತೆಗೆದುಬಿಡುತ್ತದೆ.

ಮಡಿಕೇರಿಯಿಂದ:
ನೊರೆಯ ವಿಷಯ. ನಾರಿನ ಮೈ ತುಂಬಿದ ಮೇಲೂ ಸುರಿಯುತ್ತಾ ಹೋದರೆ ಮೈಯೇ ಧನಾವೇಶಕ್ಕೆ ತಿರುಗುತ್ತದೆ. ಆಗ ಸಣ್ಣ ನಾರಿನ ಪುಡಿ ಒಂದನ್ನೊಂದು ತಳ್ಳಿಕೊಂಡು ನೀರಿನಲ್ಲೇ ತೇಲುತ್ತದೆ, ಹಿಡಿಯದ ಸ್ಟಾರ್ಚ್ ನೊರೆಗೆ ಬಲ ಕೊಡುತ್ತದೆ.

ಇನ್ನೊಂದು, ನಾರು ಗಟ್ಟಿ ದಾರವಲ್ಲ. ಒದ್ದೆ ನಾರಿನ ಗೋಡೆಯ ತುಂಬ ನ್ಯಾನೋಮೀಟರ್ ಅಳತೆಯ ರಂಧ್ರಗಳಿವೆ, ಸ್ಪಂಜಿನ ಹಾಗೆ. ಆವೇಶದ ಬಹುಪಾಲು ಇರುವುದು ಒಳಗೇ. ಸ್ಟಾರ್ಚಿನ ಹಾಗೆಯೇ ನಾರಿಗೆ ಅಂಟುವ ಬೇರೆ ಧನಾವೇಶದ ಪಾಲಿಮರ್‌ಗಳನ್ನು (ಉದ್ದ ಸರಪಳಿಯ ಅಣುಗಳನ್ನು) ನೋಡಿ: ದೊಡ್ಡ ಅಣುವಿನ ಪಾಲಿಅಕ್ರಿಲಮೈಡ್ ಒಳಗೆ ಹೋಗಲಾರದೆ ಹೊರಮೈಯಲ್ಲೇ ಕೂರುತ್ತದೆ. ಸಣ್ಣ ಅಣುವಿನ ಪಾಲಿಡ್ಯಾಡ್‌ಮ್ಯಾಕ್ ಗಂಟೆಗಟ್ಟಲೆ ಬಿಟ್ಟರೆ ಒಳಗೆ ಸರಿದುಹೋಗುತ್ತದೆ. ನಾರು ನಾರಿಗೆ ಬೆಸೆಯಲು ಬೇಕಾದದ್ದು ಹೊರಮೈಯಲ್ಲಿರುವುದು. ಅದಕ್ಕೇ ಸ್ಟಾರ್ಚ್ ಹಾಕಿ ರಾತ್ರಿಯಿಡೀ ತೊಟ್ಟಿಯಲ್ಲಿ ಬಿಡಬೇಡಿ. 5–10 ನಿಮಿಷ ಮೆಲ್ಲಗೆ ತಿರುವಿ ಹಾಳೆ ಎತ್ತಿ.

ನೀರಿನ ಲವಣವೂ ಆಟ ಆಡುತ್ತದೆ. ಸ್ವಲ್ಪ ಇದ್ದರೆ ಸ್ಟಾರ್ಚಿನಂಥ ಪಾಲಿಮರ್ ಮುದುಡಿ ಹೆಚ್ಚು ಹಿಡಿಯುತ್ತದೆ, ವಿಪರೀತವಾದರೆ ಆವೇಶ ಮರೆಯಾಗಿ ಅಂಟುವುದೇ ಇಲ್ಲ. ಜೂನ್‌ನಿಂದ ಮಳೆನೀರು, ಬೇಸಿಗೆಗೆ ಬೋರ್‌ವೆಲ್ ಅಂತಾದರೆ ಎರಡಕ್ಕೂ ಪ್ರಮಾಣ ಬೇರೆ ಬೇರೆ ನೋಡಿಕೊಳ್ಳಲೇಬೇಕು.

ವಿರಾಜಪೇಟೆಯಿಂದ:
1 ಕೆಜಿ ಒಣ ನಾರಿಗೆ ಅಳತೆ ಹೀಗೆ. 10 ಗ್ರಾಂ ಸ್ಟಾರ್ಚನ್ನು ಅರ್ಧ ಲೀಟರ್ ತಣ್ಣೀರಿನಲ್ಲಿ ಕದಡಿ, ತಿರುವುತ್ತಾ 95 ಡಿಗ್ರಿಗೆ ತಂದು 20–30 ನಿಮಿಷ ಬೇಯಿಸಿ. ಹಾಲಿನ ಬಣ್ಣ ಹೋಗಿ ತಿಳಿಯಾಗಬೇಕು. ಬೀಟರ್ (ನಾರು ಅರೆಯುವ ಯಂತ್ರ) ನಿಲ್ಲಿಸಿದ ಮೇಲಷ್ಟೇ ಹಾಕಿ.

ಒದ್ದೆಯಾದರೂ ಹರಿಯದಿರಲು ಪಿಎಇ (ಪಾಲಿಅಮೈಡ್-ಎಪಿಕ್ಲೋರೋಹೈಡ್ರಿನ್) ಎಂಬ ಧನಾವೇಶದ ರಾಳ ಬೇಕು. ಶೇ. 12.5 ಘನಾಂಶದ ದ್ರಾವಣ ಸಿಕ್ಕಿದರೆ ಕೆಜಿಗೆ 40 ಗ್ರಾಂ, ಅಂದರೆ 5 ಗ್ರಾಂ ರಾಳ. ಇದನ್ನು ಮೊದಲು ಹಾಕಿ, ಹತ್ತು ನಿಮಿಷ ಬಿಟ್ಟು ಸ್ಟಾರ್ಚ್. ಎರಡೂ ಒಂದೇ ಜಾಗಕ್ಕೆ ಪೈಪೋಟಿ ನಡೆಸುವುದರಿಂದ ಸ್ಟಾರ್ಚನ್ನು 5 ಗ್ರಾಂಗೆ ಇಳಿಸಿ. ಪಿಎಚ್ 6–8 ಇರಲಿ. ಆಲಂ (ಅಲ್ಯೂಮಿನಿಯಂ ಸಲ್ಫೇಟ್) ಹಾಕಿ ಹುಳಿ ಮಾಡಿದರೆ ನಾರಿನ ಆವೇಶವೇ ಕುಗ್ಗುತ್ತದೆ. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಉಳಿದಿದ್ದರೆ ರಾಳ ಕೆಡುತ್ತದೆ.

ರಾಳ ಗಟ್ಟಿಯಾಗಲು ಶಾಖ ಬೇಕು. ಮಳೆ ಜೋರಿರುವ ಆಟಿ ತಿಂಗಳಲ್ಲಿ ಹಗ್ಗದ ಮೇಲೆ ಒಣಗಿಸಿದ ಹಾಳೆಯನ್ನು ಅಂದೇ ನೆನೆಸಿ ನೋಡಿ ರಾಳವನ್ನು ಬೈಯಬೇಡಿ. 105 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿ, ಇಲ್ಲವೇ ಒಣ ಜಾಗದಲ್ಲಿ ಎರಡು ವಾರ ಪೇರಿಸಿಡಿ, ಆಮೇಲೆ ಪರೀಕ್ಷಿಸಿ.

ಕತ್ತರಿಸಿ ಉಳಿದ ಅಂಚುಗಳನ್ನು ಬೇರೆ ಚೀಲಕ್ಕೆ ಹಾಕಿ. ಗಟ್ಟಿಯಾದ ಪಿಎಇ ಹಾಳೆ ಬೀಟರಿನಲ್ಲಿ ಸುಲಭಕ್ಕೆ ಬಿಚ್ಚುವುದಿಲ್ಲ, ಮುಂದಿನ ತಿರುಳಿನಲ್ಲಿ ಗಂಟುಗಳಾಗಿ ಕಾಣಿಸಿಕೊಳ್ಳುತ್ತದೆ. ಕೆಟ್ಟ ಹಾಳೆ ಇದ್ದರೆ ಒಣಗುವ ಮೊದಲೇ ತೊಟ್ಟಿಗೆ ವಾಪಸ್ ಹಾಕಿಬಿಡಿ.