ಮಾಲ್‌ನ ಪಿಜ್ಜಾ ಚೈನೋ, ಬಸ್ ನಿಲ್ದಾಣದ ಖಾನಾವಳಿಯೋ: ಪಗಾರದ ಲೆಕ್ಕ

ಪ್ರಶ್ನೆ (ಆಳಂದ ತಾಲೂಕಿನ ಹುಡುಗ, ಈಗ ಕಲಬುರಗಿ):
ಸರ್, ನನಗೆ 21 ವರ್ಷ. ಪಿಯುಸಿ ಆಗಿದೆ. ಎರಡು ಕಡೆ ಕೆಲಸ ಸಿಕ್ಕಿದೆ. ಒಂದು ಮಾಲ್‌ನಲ್ಲಿರುವ ಪಿಜ್ಜಾ ಚೈನ್. ಸಿಟಿಸಿ ತಿಂಗಳಿಗೆ 17,438 ಅಂತ ಬರೆದುಕೊಟ್ಟಿದ್ದಾರೆ. 9 ಗಂಟೆ ಶಿಫ್ಟ್, ಅದರಲ್ಲಿ 1 ಗಂಟೆ ಬಿಡುವು, ವಾರಕ್ಕೊಂದು ರಜೆ. ಇನ್ನೊಂದು ಕೇಂದ್ರ ಬಸ್ ನಿಲ್ದಾಣದ ಹತ್ತಿರದ ಖಾನಾವಳಿ. 16,000 ನಗದು, ಎರಡು ಹೊತ್ತು ಊಟ, ಮಲಗೋಕೆ ಮೇಲೆ ರೂಮು. ಬೆಳಿಗ್ಗೆ 10ರಿಂದ 4, ಮತ್ತೆ ಸಂಜೆ 6:30ರಿಂದ ರಾತ್ರಿ 11. ತಿಂಗಳಿಗೆ ಎರಡು ರಜೆ. ಅಲ್ಲಿ 12 ಜನ ಕೆಲಸಕ್ಕಿದ್ದಾರೆ. ಪಿಎಫ್, ಇಎಸ್‌ಐ (ನೌಕರರ ವಿಮೆ) ಎರಡೂ ಇಲ್ಲ ಅಂದ್ರು. ಸದ್ಯ ನನ್ನ ರೂಮಿಗೆ 1,800, ಮೆಸ್‌ಗೆ 2,700 ಹೋಗ್ತಿದೆ. ಮನೆಗೂ ಕಳಿಸಬೇಕು. ಗೆಳೆಯರೆಲ್ಲ 17 ಸಾವಿರ ಯಾರು ಬಿಡ್ತಾರೆ ಅಂತಾರೆ. ಯಾವುದಕ್ಕೆ ಸೇರಲಿ?

ಉತ್ತರ (ಹೋಟೆಲ್‌ಗಳ ಪಗಾರ, ಪಿಎಫ್, ಇಎಸ್‌ಐ ಲೆಕ್ಕ ನೋಡುವವರು):
ತಮ್ಮಾ, ಆ 17,438 ನಿನ್ನ ಕೈಗೆ ಬರುವ ದುಡ್ಡಲ್ಲ. ಕಂಪನಿಗೆ ನಿನ್ನಿಂದ ಬೀಳುವ ಒಟ್ಟು ಖರ್ಚು ಅದು. ಅಂಕಿ ನೋಡಿದರೆ ನಿನ್ನ ಮೂಲ ಪಗಾರ 15,000 ಇರಬೇಕು. ಅದರ ಮೇಲೆ ಕಂಪನಿ ಕಟ್ಟುವ ಪಿಎಫ್ ಮತ್ತು ಅದರ ಆಡಳಿತ ಖರ್ಚು ಸೇರಿ 1,950, ಇಎಸ್‌ಐ 3.25 ಪರ್ಸೆಂಟ್ ಅಂದ್ರೆ 488. ಮೂರೂ ಕೂಡಿಸು, 17,438 ಸರಿಯಾಗಿ ಬರುತ್ತೆ. ಇನ್ನು 15,000ದಿಂದ ನಿನ್ನ ಪಾಲಿನ ಪಿಎಫ್ 12 ಪರ್ಸೆಂಟ್, 1,800 ಹೋಗುತ್ತೆ. ಇಎಸ್‌ಐ 0.75 ಪರ್ಸೆಂಟ್, 113 ಹೋಗುತ್ತೆ. ಬ್ಯಾಂಕಿಗೆ ಬೀಳೋದು 13,087. ಇದರಲ್ಲಿ ರೂಮು, ಮೆಸ್ 4,500 ಕಳೆ. ಉಳಿಯೋದು 8,587. ಖಾನಾವಳಿಯಲ್ಲಿ 16,000ವೂ ಉಳಿಯುತ್ತೆ. ಗೆಳೆಯರಿಗೆ ಈ ಲೆಕ್ಕ ತೋರಿಸು.

ಆದರೆ ಇಷ್ಟಕ್ಕೇ ಖಾನಾವಳಿ ಕಡೆ ಓಡಬೇಡ. ಗಂಟೆ ಲೆಕ್ಕ ಹಾಕು. ಚೈನ್‌ನಲ್ಲಿ ದಿನಕ್ಕೆ 8 ಗಂಟೆ, 26 ದಿನ, ಒಟ್ಟು 208 ಗಂಟೆ. ಕೈಗೆ ಬರುವ 13,087 ಜೊತೆ ನಿನ್ನ ಹೆಸರಲ್ಲಿ ಜಮೆ ಆಗುವ 3,600 ಸೇರಿಸಿದರೆ ಗಂಟೆಗೆ 80 ರೂಪಾಯಿ ಬೀಳುತ್ತೆ. ಆ 3,600ರಲ್ಲಿ 2,350 ಪಿಎಫ್ ಖಾತೆಗೆ, 1,250 ಪಿಂಚಣಿ ಖಾತೆಗೆ ಹೋಗುತ್ತೆ. ಖಾನಾವಳಿಯಲ್ಲಿ ದಿನಕ್ಕೆ ಹತ್ತೂವರೆ ಗಂಟೆ, 28 ದಿನ, ಒಟ್ಟು 294 ಗಂಟೆ. ಊಟ, ರೂಮಿನ 4,500 ಸೇರಿಸಿದರೂ ಗಂಟೆಗೆ 70. ಅಂದ್ರೆ ಅಲ್ಲಿ ಕಾಸು ಜಾಸ್ತಿ ಉಳಿಯೋದು 86 ಗಂಟೆ ಹೆಚ್ಚು ದುಡಿಯೋದರಿಂದ. ಮಧ್ಯಾಹ್ನದ ಎರಡೂವರೆ ಗಂಟೆ ಬಿಡುವು ನಿನ್ನದೇ ಅಂತಾರೆ, ಆದರೆ ಆ ಹೊತ್ತಿನಲ್ಲಿ ಊರಿಗೆ ಹೋಗಿ ಬರೋಕಾಗುತ್ತಾ? ನಿದ್ದೆಗಷ್ಟೇ ಅದು.

ಕಾನೂನು ಏನು ಹೇಳುತ್ತೆ ಅಂದ್ರೆ, ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ದಾಟಿದ ಕೆಲಸಕ್ಕೆ ದುಪ್ಪಟ್ಟು ದರದಲ್ಲಿ ಓಟಿ ಕೊಡಬೇಕು. ವಾರಕ್ಕೊಂದು ರಜೆ ಹಕ್ಕು. ತಿಂಗಳಿಗೆ ಎರಡೇ ರಜೆ ನಮ್ಮ ಕಡೆ ಹೋಟೆಲ್‌ಗಳಲ್ಲಿ ರೂಢಿ ಇರಬಹುದು, ರೂಢಿ ಇದ್ದ ಮಾತ್ರಕ್ಕೆ ಸರಿ ಆಗಲ್ಲ.

ಪಿಎಫ್ ವಿಷಯದಲ್ಲಿ ಮಾಲಕರ ಮಾತು ಸರಿ. 20 ಜನ ಇದ್ದರೆ ಮಾತ್ರ ಕಡ್ಡಾಯ. ಆದರೆ ಇಎಸ್‌ಐ 10 ಜನಕ್ಕೇ ಬರುತ್ತೆ, ಪಗಾರ 21,000 ಒಳಗಿರಬೇಕು ಅಷ್ಟೆ. 12 ಜನ ಇದ್ದಾರೆ ಅಂದ್ಯಲ್ಲ, ಹಾಗಾದರೆ ಮಾಡಿಸಲೇಬೇಕು. ಅಡುಗೆಮನೆ ಕೆಲಸಕ್ಕೆ ಇದು ಪಿಎಫ್‌ಗಿಂತ ಮುಖ್ಯ ಅಂತ ನಾನು ಹೇಳ್ತೀನಿ. ಮಿರ್ಚಿ ಕರಿಯುವ ಬಾಣಲೆ ಇಳಿಸುವಾಗ ಮಸಿಬಟ್ಟೆ ಜಾರಿದರೆ ಸಾಕು, ಮೊಣಕೈವರೆಗೆ ಎಣ್ಣೆ. ಒಂದು ತಿಂಗಳು ಕೈ ಎತ್ತೋಕಾಗಲ್ಲ. ಇಎಸ್‌ಐ ಇದ್ದರೆ ಸೇಡಂ ರಸ್ತೆಯ ಇಎಸ್‌ಐ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ದುಡ್ಡಿಲ್ಲ, ಕೆಲಸದಲ್ಲಿ ಆದ ಗಾಯಕ್ಕೆ ಪಗಾರದ 90 ಪರ್ಸೆಂಟ್ ಕೂಡ ಬರುತ್ತೆ. ಕೆಲಸಕ್ಕೆ ಸೇರಿದ ಮೊದಲ ದಿನ ಆದರೂ ಸರಿ. ಮಾಲಕರು ಎಷ್ಟೇ ಒಳ್ಳೆಯವರಾದರೂ ಕೆಲಸ ಮಾಡದ ತಿಂಗಳಿಗೆ ಪೂರ್ತಿ ಪಗಾರ ಕೊಡೋದು ಕಷ್ಟ.

ಚೈನ್ ಆಫರ್ ಪತ್ರದಲ್ಲೂ ಒಂದು ನೋಡು: ಕೆಳಗೆ ಸಹಿ ಯಾರದು? ಬೋರ್ಡ್ ಮೇಲಿನ ಹೆಸರೇ ಬೇರೆ, ಪಗಾರ ಕೊಡುವವರೇ ಬೇರೆ ಇರ್ತಾರೆ. ಡಾಮಿನೋಸ್ ಅನ್ನು ಭಾರತದಲ್ಲಿ ನಡೆಸೋದು ಜುಬಿಲೆಂಟ್ ಫುಡ್‌ವರ್ಕ್ಸ್. ನಮ್ಮ ಕಡೆಯ ಮೆಕ್‌ಡೊನಾಲ್ಡ್ಸ್ ವೆಸ್ಟ್‌ಲೈಫ್ ಕೈಯಲ್ಲಿದೆ. ಕೆಲವು ಬ್ರ್ಯಾಂಡ್‌ಗಳು ಊರಿನ ಒಬ್ಬರಿಗೇ ಫ್ರಾಂಚೈಸಿ ಕೊಟ್ಟಿರುತ್ತವೆ. ಅಲ್ಲಿ ಬೋರ್ಡ್ ದೊಡ್ಡದು, ಲೆಕ್ಕ ಮಾತ್ರ ಸಣ್ಣ ಹೋಟೆಲ್‌ನದೇ. ಇನ್ನು ಕಾಂಟ್ರಾಕ್ಟರ್ ಮೂಲಕ ತಗೊಂಡಿದ್ದರೆ ಪಿಎಫ್ ಜಮೆ ಆಗ್ತಿದೆಯೋ ಇಲ್ಲವೋ ಅಂತ ಯುಎಎನ್ (ನಿನ್ನ ಪಿಎಫ್ ನಂಬರ್) ಹಾಕಿ ಪಾಸ್‌ಬುಕ್ ನೀನೇ ನೋಡ್ತಿರಬೇಕು. ಪೇ ಸ್ಲಿಪ್‌ನಲ್ಲಿ ಕಡಿತ ಕಂಡ ಮಾತ್ರಕ್ಕೆ ಜಮೆ ಆಗಿದೆ ಅಂತಲ್ಲ.

ಅದೇ ಹುಡುಗ:
ಸರ್, ಇದೊಂದು ಹೇಳೋದು ಬಿಟ್ಟಿದ್ದೆ. ನಾಲ್ಕೈದು ವರ್ಷದ ಮೇಲೆ ಆಳಂದದಲ್ಲೇ ಸ್ವಂತ ಖಾನಾವಳಿ ಹಾಕೋ ಆಸೆ ಇದೆ.

ಉತ್ತರ:
ಹಾಗಾದರೆ ನನ್ನ ಮತ ಖಾನಾವಳಿಗೆ, ಇಎಸ್‌ಐ ಮಾಡಿಸಿದರೆ ಮಾತ್ರ. ಚೈನ್‌ನಲ್ಲಿ ಶಿಸ್ತು ಕಲೀತೀಯ, ಅದು ಸುಳ್ಳಲ್ಲ. ಮೊದಲು ಬಂದ ಮಾಲು ಮೊದಲು ಖರ್ಚಾಗಬೇಕು, ಫ್ರಿಜ್ ತಾಪಮಾನ ಬರೆದಿಡಬೇಕು, ಇವು ಮುಂದೆ ಉಪಯೋಗಕ್ಕೆ ಬರುತ್ತವೆ. ಆದರೆ ಹಿಟ್ಟು, ಸಾಸ್ ಎಲ್ಲ ಸಿದ್ಧವಾಗಿ ಬರುತ್ತೆ, ಓವನ್ ಟೈಮರ್ ಹೇಳಿದಂತೆ ತೆಗೀಬೇಕು. ನಿನಗೆ ಬೇಕಾದದ್ದು ನೆಹರು ಗಂಜ್ ಮಾರುಕಟ್ಟೆಯಲ್ಲಿದೆ. ಯಾವ ಮಿಲ್ಲಿನ ತೊಗರಿ ಬೇಳೆ ಬೇಗ ಬೇಯುತ್ತೆ, ಯಾವ ಜೋಳದ ಹಿಟ್ಟು ರೊಟ್ಟಿ ಬಡಿಯುವಾಗ ಬಿರಿಯಲ್ಲ, ಇವತ್ತು ಬದನೆಕಾಯಿ ದರ ಏರಿದರೆ ಎಣ್ಣೆಗಾಯಿ ಬದಲು ಏನು ಇಡಬೇಕು. ಮಾಲಕರ ಜೊತೆ ಗಂಜ್‌ಗೆ ಹೋಗೋ ಕೆಲಸ ಕೇಳಿ ತಗೋ. ಗಲ್ಲಾ ಹತ್ತಿರ ಕೂರಿಸಿಕೊಂಡು ಲೆಕ್ಕ ತೋರಿಸುವ ಮಾಲಕರಾದರೆ ಗಂಟೆಗೆ 10 ರೂಪಾಯಿ ಕಡಿಮೆ ಆದರೂ ನಷ್ಟವಿಲ್ಲ. ವರ್ಷಗಟ್ಟಲೆ ಬರೀ ತಾಟು ಎತ್ತಿಸುವವರಾದರೆ ಬಿಟ್ಟು ಚೈನ್‌ಗೆ ಹೋಗು.

ಬೀದರ್‌ನ ಹೋಟೆಲ್ ಮಾಲಕರೊಬ್ಬರು:
ಸರ್, ನಮ್ಮಂಥವರ ಕಷ್ಟಾನೂ ಹೇಳ್ರಿ. ನನ್ನಲ್ಲಿ 8 ಜನ ಇದ್ದಾರೆ. ಚೈನ್‌ಗಳ ಹಾಗೆ ಪಿಎಫ್ ಕಟ್ಟಿದರೆ ಅಂಗಡಿ ಮುಚ್ಚಬೇಕು.

ಉತ್ತರ:
ಅಣ್ಣಾವ್ರೇ, 8 ಜನಕ್ಕೆ ನಿಮಗೆ ಪಿಎಫ್, ಇಎಸ್‌ಐ ಯಾವುದೂ ಕಡ್ಡಾಯವಿಲ್ಲ. ಕನಿಷ್ಠ ವೇತನ ಮಾತ್ರ ಒಬ್ಬನೇ ಆಳಿದ್ದರೂ ಕೊಡಲೇಬೇಕು. ಹೋಟೆಲ್ ಉದ್ಯಮಕ್ಕೆ ಅಂತಲೇ ಸರ್ಕಾರ ದರ ಹೊರಡಿಸುತ್ತೆ, ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಬದಲಾಗುತ್ತೆ, ಅದನ್ನು ನೋಡ್ತಿರಿ. ಇನ್ನೊಂದು ಮಾತು. ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ. 8 ಜನಕ್ಕೆ 160 ರೂಪಾಯಿ. ಒಂದು ದಿನದ ಚಹಾ ಗಲ್ಲಾದಲ್ಲಿ ಮುಗಿಯುತ್ತೆ ಅಲ್ವಾ?

ಯಾದಗಿರಿಯ ಅಕ್ಕ ಒಬ್ಬರು:
ನಮ್ಮ ಅಳಿಯ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅಲ್ಲಿ ಬರ್ಗರ್ ಅಂಗಡಿ ಹುಡುಗರಿಗೆ ಗಂಟೆಗೆ 20 ಡಾಲರ್ ಅಂತೆ, ನಿಜಾನಾ? ಇಲ್ಲಿ ಚೈನ್‌ಗಳು ಯಾಕೆ ಕೊಡಲ್ಲ?

ಉತ್ತರ:
ನಿಜ ಅಕ್ಕಾ, ಆದರೆ ಎಲ್ಲ ಅಂಗಡಿಗೂ ಅಲ್ಲ. 2024ರ ಏಪ್ರಿಲ್ 1ರಿಂದ ಬಂದ ಕಾನೂನು ಅದು. ದೇಶದಲ್ಲಿ 60 ಅಥವಾ ಹೆಚ್ಚು ಮಳಿಗೆ ಇರುವ ಫಾಸ್ಟ್‌ಫುಡ್ ಚೈನ್‌ಗೆ ಮಾತ್ರ. ಪಕ್ಕದಲ್ಲೇ ಒಬ್ಬರು ಸ್ವಂತ ಅಂಗಡಿ ನಡೆಸಿದರೆ ಅವರಿಗೆ ರಾಜ್ಯದ ಸಾಮಾನ್ಯ ಕನಿಷ್ಠ ದರ ಸಾಕು. ಅಮೆರಿಕದ ಕೇಂದ್ರ ಸರ್ಕಾರದ ಕನಿಷ್ಠ ದರ 2009ರಿಂದ 7.25 ಡಾಲರ್‌ನಲ್ಲೇ ನಿಂತಿದೆ. ಅಂದ್ರೆ ಅಲ್ಲೂ ಚೈನ್‌ಗಳು ತಾವಾಗೇ ಏರಿಸಲಿಲ್ಲ, ಕಾನೂನು ಏರಿಸಿತು. ನಮ್ಮಲ್ಲಿ ಚೈನ್‌ಗೆ ಬೇರೆ ದರ, ಖಾನಾವಳಿಗೆ ಬೇರೆ ದರ ಅಂತ ಇಲ್ಲ. ಹಾಗಾಗಿ ಬಹಳ ಚೈನ್‌ಗಳು ಕನಿಷ್ಠ ದರದ ಆಸುಪಾಸಿನಲ್ಲೇ ಇರ್ತವೆ.

ಆಳಂದದ ಹುಡುಗ:
ಸರ್, ಮಾಲಕರನ್ನು ಕೇಳಿದೆ. ಇಎಸ್‌ಐ ಅಂದ್ರೆ ಬಹಳ ಖರ್ಚು, ಆಮೇಲೆ ನೋಡೋಣ ಅಂದ್ರು.

ಉತ್ತರ:
ಜಗಳಕ್ಕೆ ಹೋಗಬೇಡ, ಅಂಕಿ ಹೇಳು. 16,000ಕ್ಕೆ ಅವರ ಪಾಲು ತಿಂಗಳಿಗೆ 520, ನಿನ್ನ ಪಾಲು 120. ಅವರ ಅಕೌಂಟೆಂಟ್ ಆನ್‌ಲೈನ್‌ನಲ್ಲೇ ನೋಂದಣಿ ಮಾಡಬಹುದು. ಒಪ್ಪಿದರೆ ಸೇರಿದ ದಿನವೇ ಆಧಾರ್ ಕೊಟ್ಟು ನಿನ್ನ ವಿಮಾ ನಂಬರ್ ತಗೋ, ಅಪ್ಪ ಅಮ್ಮ ನಿನ್ನ ದುಡಿಮೆ ಮೇಲೇ ಇದ್ದರೆ ಅವರ ಹೆಸರೂ ಸೇರಿಸು. ಕೆಲಸ, ಪಗಾರ, ಸಮಯ ಬರೆದ ನೇಮಕಾತಿ ಪತ್ರವನ್ನೂ ಕೇಳು. ಚೈನ್‌ನವರಿಗೆ ಉತ್ತರ ಕೊಡೋಕೆ ಎಷ್ಟು ದಿನ ಟೈಮ್ ಇದೆ? ಅದರೊಳಗೆ ಮಾಲಕರು ಹೌದು ಅನ್ನದಿದ್ದರೆ ಮಾಲ್‌ಗೇ ಸೇರಿಬಿಡು.