ಸಹಾಯ ಬೇಕು: ಶೆಲ್ಫ್‌ನ ಬಿ ಫೀಡ್ ಅಲಾರಂ ಹೋಗುತ್ತಿಲ್ಲ

ಟೆಲಿಕಾಂ ಟ್ರಾನ್ಸ್‌ಮಿಷನ್ ಕೆಲಸ ಗೊತ್ತಿರುವವರು ಸ್ವಲ್ಪ ನೋಡಿ. 19 ಇಂಚಿನ ರ‍್ಯಾಕ್‌ನಲ್ಲಿ ಒಂದು ಡಿಡಬ್ಲ್ಯುಡಿಎಂ ಶೆಲ್ಫ್ (ಒಂದೇ ಫೈಬರ್‌ನಲ್ಲಿ ಹಲವು ಬೆಳಕಿನ ಚಾನಲ್ ಕಳಿಸುವ ಉಪಕರಣ). ಮೈನಸ್ 48 ವೋಲ್ಟ್ ಡಿಸಿ, ಎ ಮತ್ತು ಬಿ ಎರಡು ಫೀಡ್, ಅಂದರೆ ಒಂದು ಹೋದರೂ ಇನ್ನೊಂದು ನಡೆಸಲೆಂದು ಇರುವ ಎರಡು ವಿದ್ಯುತ್ ಲೈನ್. ಬಿ ಫೀಡ್‌ನಲ್ಲಿ ವೋಲ್ಟೇಜ್ ಕಡಿಮೆ ಎಂಬ ಅಲಾರಂ ಬಂದು ಹೋಗಿ ಮಾಡುತ್ತಿದೆ.

ಮಲ್ಟಿಮೀಟರ್ ಇಟ್ಟರೆ ಪವರ್ ಪ್ಲಾಂಟ್ (ಈ ಡಿಸಿ ಕೊಡುವ ಘಟಕ) ಹತ್ತಿರ 53.5 ವೋಲ್ಟ್, ಶೆಲ್ಫ್ ಟರ್ಮಿನಲ್‌ನಲ್ಲೂ ಹೆಚ್ಚು ಕಡಿಮೆ ಅಷ್ಟೇ. ಆದರೆ ಲೋಡ್ ಜಾಸ್ತಿ ಎ ಮೇಲೆಯೇ ಇದ್ದರೆ, ಬಿ ಲಗ್ (ತಂತಿ ತುದಿಯ ಲೋಹದ ಜೋಡಣೆ) ಸಡಿಲವಿದ್ದರೂ ಮೀಟರ್ ಸರಿಯಾಗಿಯೇ ತೋರಿಸುತ್ತದೆ ಅಲ್ವಾ? ಪರೀಕ್ಷೆ ಮಾಡಲು ಎ ಬ್ರೇಕರ್ ಇಳಿಸಬೇಕು. ಆಗ ಬಿ ಕೈಕೊಟ್ಟರೆ ಇಡೀ ಶೆಲ್ಫ್‌ನ ಟ್ರಾಫಿಕ್ ಹೋಗುತ್ತದೆ. ಅದೇ ಭಯ.

ಸುಮ್ನೆ ಕಂಟ್ರೋಲರ್ ಕಾರ್ಡ್ ರೀಸೆಟ್ ಮಾಡಿ ಅನ್ನಬೇಡಿ, ಅದಾಗಿದೆ. ಎ ಆಫ್ ಮಾಡದೆ ಬಿ ಕರೆಂಟ್ ನೋಡಲು ಡಿಸಿ ಕ್ಲ್ಯಾಂಪ್ ಮೀಟರ್ (ತಂತಿ ಬಿಚ್ಚದೆ ಸುತ್ತ ಹಿಡಿದು ಕರೆಂಟ್ ಅಳೆಯುವುದು) ಸಾಕೇ? ಇಲ್ಲ, ಪವರ್ ಮಾಡ್ಯೂಲನ್ನೇ ಬದಲಿಸಬೇಕೇ? ಮಾಡಿ ನೋಡಿದವರು ದಯವಿಟ್ಟು ಹೇಳಿ.